ಸ್ವಂತ ಕಥೆಯ ವೆಬ್ ಸರಣಿಯನ್ನು ರೂಪಿಸುವ ಬಗೆ

ವೆಬ್ ಸರಣಿ ಮಾಡುವ ಹುಮ್ಮಸ್ಸಿನಲ್ಲಿ ಹೊರಟ ಎಷ್ಟೋ ತಂಡಗಳು ಮೊದಲ ಕಂತನ್ನು ಅದ್ದೂರಿಯಾಗಿ ಚಿತ್ರೀಕರಿಸಿ, ಎರಡನೆಯದನ್ನು ಹೇಗೋ ಮುಗಿಸಿ, ಮೂರನೆಯ ಕಂತಿನ ಹೊತ್ತಿಗೆ ಹಣ, ನಟರ ದಿನಾಂಕ ಮತ್ತು ಕಥೆ ಮೂರೂ ಒಟ್ಟಿಗೆ ಕೈಕೊಟ್ಟು ನಿಂತುಹೋಗುತ್ತವೆ. ಇದಕ್ಕೆ ಪ್ರತಿಭೆಯ ಕೊರತೆಗಿಂತ ಕೆಲಸದ ಕ್ರಮ ತಪ್ಪಿರುವುದೇ ಹೆಚ್ಚು ಕಾರಣ. ಒಂದು ಕಂತನ್ನು ಬರೆದು, ಚಿತ್ರೀಕರಿಸಿ, ಬಿಡುಗಡೆ ಮಾಡಿ, ಆಮೇಲೆ ಮುಂದಿನದನ್ನು ಯೋಚಿಸುವ ಪದ್ಧತಿ ಸರಣಿಗೆ ಒಗ್ಗುವುದಿಲ್ಲ. ಇಡೀ ಸೀಸನ್ನಿನ (ಒಂದು ಸುತ್ತಿನ ಎಲ್ಲ ಕಂತುಗಳ) ಚಿತ್ರಕಥೆ ಮುಗಿಯುವವರೆಗೆ ಕ್ಯಾಮೆರಾವನ್ನು ಹೊರಗೆ ತೆಗೆಯಬಾರದು ಎಂಬುದೇ ಈ ಲೇಖನದ ಮುಖ್ಯ ಸಲಹೆ; ಮುಂದೆ ಹೇಳಿರುವ ಹಂತಗಳೆಲ್ಲ ಅದನ್ನೇ ಆಧರಿಸಿವೆ. ಸ್ವಂತ ಹಣ ಮತ್ತು ಸಣ್ಣ ತಂಡವನ್ನು ನಂಬಿಕೊಂಡು, ತಲಾ ಹತ್ತು ನಿಮಿಷದ ಆರು ಕಂತುಗಳ ಸರಣಿಯನ್ನು ಮಾಡಬಯಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ಸರಣಿಗೆ ಒದಗುವ ಕಥೆಯನ್ನು ಗುರುತಿಸಿ

ಒಳ್ಳೆಯ ಕಥೆಗಳೆಲ್ಲ ಸರಣಿಗೆ ಹೊಂದುವುದಿಲ್ಲ. ಒಂದೇ ಘಟನೆಯ ಸುತ್ತ ಬೆಳೆದು ಒಂದೇ ತಿರುವಿನಲ್ಲಿ ಮುಗಿಯುವ ಕಥೆ ಕಿರುಚಿತ್ರಕ್ಕೆ ಸರಿ. ಅದನ್ನು ಆರು ತುಂಡು ಮಾಡಿದರೆ ಆರು ಅಪೂರ್ಣ ಕಿರುಚಿತ್ರಗಳಾಗುತ್ತವೆಯೇ ಹೊರತು ಸರಣಿಯಾಗುವುದಿಲ್ಲ. ಸರಣಿಗೆ ಬೇಕಾದುದು ಮತ್ತೆ ಮತ್ತೆ ಹೊಸ ಘಟನೆಗಳನ್ನು ಹುಟ್ಟಿಸಬಲ್ಲ ಒಂದು ಸನ್ನಿವೇಶ. ಬೆನ್ ಸಿಂಕ್ಲೇರ್ ಮತ್ತು ಕಾಟ್ಯಾ ಬ್ಲಿಚ್‌ಫೆಲ್ಡ್ ಅವರು 2012ರಲ್ಲಿ ವಿಮಿಯೋ ಎಂಬ ವಿಡಿಯೋ ತಾಣದಲ್ಲಿ ಆರಂಭಿಸಿದ 'ಹೈ ಮೇಂಟೆನೆನ್ಸ್' ಸರಣಿಯಲ್ಲಿ ಗಾಂಜಾ ತಲುಪಿಸುವ ಒಬ್ಬ ವ್ಯಕ್ತಿ ನ್ಯೂಯಾರ್ಕ್ ನಗರದ ಬೇರೆ ಬೇರೆ ಗಿರಾಕಿಗಳ ಮನೆಗೆ ಹೋಗುತ್ತಾನೆ, ಮತ್ತು ಕಂತಿನ ಕಥೆ ಆ ಗಿರಾಕಿಗಳದ್ದಾಗಿರುತ್ತದೆ. ಬಾಗಿಲು ಬದಲಾದಂತೆ ಕಥೆಯೂ ಬದಲಾಗುವ ಈ ಏರ್ಪಾಡು ಎಷ್ಟು ಗಟ್ಟಿಯಾಗಿತ್ತೆಂದರೆ, 2016ರಲ್ಲಿ ಎಚ್‌ಬಿಒ ವಾಹಿನಿಗೆ ಹೋದಾಗಲೂ ಅದು ಬರಿದಾಗಲಿಲ್ಲ.

ವಿವರಣೆಗೆ ಅನುಕೂಲವಾಗಲೆಂದು ನಾವೂ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಒಂದು ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ವಸ್ತುಗಳನ್ನು ಇಡುವ ಸಣ್ಣ ಕಚೇರಿಯಿದೆ. ಅಲ್ಲಿ ಒಬ್ಬ ಗುಮಾಸ್ತೆ ಕೆಲಸ ಮಾಡುತ್ತಾಳೆ. ಪ್ರತಿ ಕಂತಿನಲ್ಲಿ ಒಬ್ಬರು ತಮ್ಮ ವಸ್ತುವನ್ನು ಹುಡುಕಿಕೊಂಡು ಬರುತ್ತಾರೆ. ಆ ವಸ್ತು ತಮ್ಮದೇ ಎಂದು ಸಾಬೀತುಪಡಿಸಲು ಹೋಗಿ ತಮ್ಮ ಬದುಕಿನ ಒಂದು ಭಾಗವನ್ನು ಅವಳ ಮುಂದೆ ಬಿಚ್ಚಿಡುತ್ತಾರೆ. ಇವೆಲ್ಲದರ ಹಿಂದೆ, ಮೇಲಿನ ಕಪಾಟಿನಲ್ಲಿ ಬಹುಕಾಲದಿಂದ ಯಾರೂ ಕೇಳದೆ ಬಿದ್ದಿರುವ ಒಂದು ಚೀಲವಿದೆ. ಕಂತಿನ ಪ್ರಶ್ನೆ: ಈ ವಸ್ತು ನಿಜವಾಗಿ ಇವರದ್ದೇ? ಸೀಸನ್ನಿನ ಪ್ರಶ್ನೆ: ಆ ಚೀಲ ಯಾರದು, ಗುಮಾಸ್ತೆ ಅದನ್ನು ವಿಲೇವಾರಿಗೆ ಕಳುಹಿಸದೆ ಏಕೆ ಉಳಿಸಿಕೊಂಡಿದ್ದಾಳೆ?

ನಿಮ್ಮ ಕಥೆಯಲ್ಲೂ ಈ ಎರಡು ಬಗೆಯ ಪ್ರಶ್ನೆಗಳು ಇರಬೇಕು. ಒಂದು ಪ್ರಶ್ನೆಗೆ ಕಂತಿನೊಳಗೇ ಉತ್ತರ ಸಿಗಬೇಕು, ಇನ್ನೊಂದು ಸೀಸನ್ನಿನ ಕೊನೆಯವರೆಗೆ ಬೆಳೆಯುತ್ತ ಹೋಗಬೇಕು. ಇದನ್ನು ಪರೀಕ್ಷಿಸುವ ಸುಲಭ ವಿಧಾನವೆಂದರೆ, ಒಂದೇ ಸಲ ಕುಳಿತು ಹತ್ತು ಕಂತುಗಳ ಕಥೆಯನ್ನು ಒಂದೊಂದು ವಾಕ್ಯದಲ್ಲಿ ಬರೆಯಲು ಪ್ರಯತ್ನಿಸುವುದು. ಹತ್ತು ಬಂದರೆ ಅವುಗಳಲ್ಲಿ ಆರನ್ನು ಆರಿಸಿಕೊಳ್ಳುವ ಸೌಲಭ್ಯ ನಿಮಗಿರುತ್ತದೆ. ನಾಲ್ಕಕ್ಕೇ ನಿಂತುಹೋದರೆ ಸನ್ನಿವೇಶವನ್ನು ಬದಲಿಸಿ, ಇಲ್ಲವೇ ಅದನ್ನು ಕಿರುಚಿತ್ರವಾಗಿಯೇ ಮಾಡಿ.

2. ಬರೆಯುವ ಮೊದಲು ಕೈಯಲ್ಲಿರುವುದನ್ನು ಪಟ್ಟಿ ಮಾಡಿ

ದೊಡ್ಡ ನಿರ್ಮಾಣ ಸಂಸ್ಥೆಗಳು ಕಥೆಗೆ ತಕ್ಕ ಸಾಧನಗಳನ್ನು ಹೊಂದಿಸಿಕೊಳ್ಳುತ್ತವೆ. ಸಣ್ಣ ತಂಡ ಸಾಧನಗಳಿಗೆ ತಕ್ಕ ಕಥೆಯನ್ನು ಬರೆಯಬೇಕು. ಹಲವು ದಿನ ಬಳಸಲು ಅನುಮತಿ ಸಿಗುವ ಜಾಗಗಳು, ಖಚಿತವಾಗಿ ಸಮಯ ಕೊಡಬಲ್ಲ ನಟರು, ಲಭ್ಯವಿರುವ ಕ್ಯಾಮೆರಾ ಮತ್ತು ಮೈಕ್, ಬಳಸಬಹುದಾದ ವಾಹನ, ಬಟ್ಟೆ, ಪೀಠೋಪಕರಣ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಕಚೇರಿಯ ಕಥೆಯನ್ನು ನಾನು ಉದಾಹರಣೆಗೆ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅದಕ್ಕೆ ಕಪಾಟುಗಳಿಂದ ತುಂಬಿದ ಒಂದು ಕೋಣೆ, ಕಾಯಂ ಆಗಿ ಒಬ್ಬ ನಟಿ ಮತ್ತು ಒಂದು ಅಥವಾ ಎರಡು ದಿನ ಬಂದು ಹೋಗುವ ಅತಿಥಿ ನಟರು ಸಾಕು. ನಿಲ್ದಾಣವನ್ನು ತೋರಿಸದೆಯೇ, ಹೊರಗಿನ ಪ್ರಕಟಣೆಯ ದನಿ ಮತ್ತು ರೈಲಿನ ಸದ್ದಿನಿಂದ ಅದನ್ನು ಕಟ್ಟಬಹುದು.

ಅಮೆರಿಕದ ನಟಿ ಫೆಲಿಷಿಯಾ ಡೇ 2007ರಲ್ಲಿ ಆರಂಭಿಸಿದ ವೆಬ್ ಸರಣಿ 'ದಿ ಗಿಲ್ಡ್' ಆನ್‌ಲೈನ್ ಆಟವಾಡುವ ಗೆಳೆಯರ ಗುಂಪೊಂದರ ಕಥೆ. ಅದರ ಆರಂಭದ ಕಂತುಗಳಲ್ಲಿ ಹೆಚ್ಚಿನ ಪಾತ್ರಗಳು ತಂತಮ್ಮ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತೇ ಮಾತನಾಡುತ್ತವೆ. ಕಥೆಗೆ ಇದು ಸಹಜ. ನಿರ್ಮಾಣದ ದೃಷ್ಟಿಯಿಂದ ನೋಡಿದರೆ ಎಲ್ಲ ನಟರನ್ನೂ ಒಂದೇ ದಿನ ಒಂದೇ ಕಡೆ ಸೇರಿಸುವ ಹೊರೆಯೂ ಇಲ್ಲ. ಮೊದಲ ಕೆಲವು ಕಂತುಗಳು ಜನರಿಗೆ ಹಿಡಿಸಿದ ಮೇಲೆ ಉಳಿದ ಕಂತುಗಳಿಗೆ ವೀಕ್ಷಕರೇ ದೇಣಿಗೆ ಕೊಟ್ಟರು. ದೇಣಿಗೆಯ ಭಾಗ ಎಲ್ಲರಿಗೂ ಕೂಡಿಬರಲಾರದು. ಮಿತಿಯನ್ನೇ ಕಥೆಯ ಆಕಾರವಾಗಿಸಿಕೊಂಡ ಭಾಗವನ್ನು ಮಾತ್ರ ಯಾರು ಬೇಕಾದರೂ ಅನುಸರಿಸಬಹುದು.

3. ಇಡೀ ಸೀಸನ್ನನ್ನು ಬರೆದು ಮುಗಿಸಿ

ಮೊದಲು ಎಂಟು ಹತ್ತು ಪುಟದ ಒಂದು ಕೈಪಿಡಿಯನ್ನು ಸಿದ್ಧಪಡಿಸಿ. ಕಥೆಯ ಒಂದು ವಾಕ್ಯದ ಸಾರಾಂಶ, ಪ್ರತಿ ಮುಖ್ಯ ಪಾತ್ರಕ್ಕೆ ಏನು ಬೇಕು ಮತ್ತು ಅದು ಏನನ್ನು ಮುಚ್ಚಿಡುತ್ತಿದೆ, ಕಥೆ ನಡೆಯುವ ಲೋಕದ ನಿಯಮಗಳು, ಸರಣಿಯ ಧಾಟಿ ಇವೆಲ್ಲ ಅದರಲ್ಲಿರಲಿ. ನಿಯಮಗಳೆಂದರೆ ಸಣ್ಣ ಸಂಗತಿಗಳೇ: ವಸ್ತುವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ರಿಜಿಸ್ಟರಿನಲ್ಲಿ ಯಾರು ಸಹಿ ಹಾಕಬೇಕು, ಕಪಾಟಿನ ಬೀಗದ ಕೈ ಯಾರ ಬಳಿಯಿರುತ್ತದೆ. ಮೊದಲ ಕಂತಿನಲ್ಲಿ ಹೇಳಿದ ನಿಯಮ ಐದನೆಯ ಕಂತಿನಲ್ಲಿ ಮುರಿದರೆ ವೀಕ್ಷಕರು ತಕ್ಷಣ ಗುರುತಿಸುತ್ತಾರೆ.

ಅನಂತರ ಸೀಸನ್ನಿನ ನಕ್ಷೆ ಬರಬೇಕು. ಪ್ರತಿ ಕಂತಿಗೆ ಒಂದು ಕಾರ್ಡು ಇಟ್ಟುಕೊಂಡು, ಅದರಲ್ಲಿ ಯಾರಿಗೆ ಏನು ಬೇಕಾಗಿದೆ, ಯಾವುದು ಅಡ್ಡಿ, ಕಂತಿನ ಕೊನೆಗೆ ಏನು ಬದಲಾಯಿತು, ಯಾವ ಪ್ರಶ್ನೆ ಉಳಿಯಿತು ಎಂಬುದನ್ನು ಬರೆಯಿರಿ. "ಏನು ಬದಲಾಯಿತು" ಎಂಬಲ್ಲಿ ಬರೆಯಲು ಏನೂ ತೋಚದ ಕಂತನ್ನು ಕೈಬಿಡಿ, ಅದರಲ್ಲಿ ಎಷ್ಟೇ ಸೊಗಸಾದ ಸಂಭಾಷಣೆಯಿದ್ದರೂ ಸರಿ. ಇದು ನೋವಿನ ಕೆಲಸವೆಂಬುದು ನಿಜ, ಆದರೆ ಕಾಗದದ ಮೇಲೆ ಬಿಟ್ಟ ಕಂತಿಗೆ ಖರ್ಚಿಲ್ಲ. ಚಿತ್ರೀಕರಿಸಿದ ಮೇಲೆ ಬಿಟ್ಟರೆ ಎಲ್ಲರ ದುಡಿಮೆಯೂ ಹೋಗುತ್ತದೆ.

ಕಂತಿನ ಅಂತ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವೀಕ್ಷಕರು ಮುಂದಿನ ಕಂತನ್ನು ಒತ್ತುವುದೋ ಬಿಡುವುದೋ ಅಲ್ಲಿಯೇ ತೀರ್ಮಾನವಾಗುತ್ತದೆ. ಬಾಗಿಲು ತಟ್ಟಿದ ಸದ್ದಿಗೆ ಪರದೆ ಕಪ್ಪಾಗಿ, ಮುಂದಿನ ಕಂತಿನಲ್ಲಿ ಅದು ಬರೀ ಪಕ್ಕದ ಮನೆಯವರು ಎಂದು ತಿಳಿದರೆ ವೀಕ್ಷಕರಿಗೆ ಮೋಸವಾದಂತೆ ಅನ್ನಿಸುತ್ತದೆ. ಕಂತಿನೊಳಗೆ ನಡೆದದ್ದರಿಂದಲೇ ಪ್ರಶ್ನೆ ಹುಟ್ಟಬೇಕು. ನಮ್ಮ ಕಥೆಯ ಮೊದಲ ಕಂತನ್ನೇ ನೋಡೋಣ. ವಯಸ್ಸಾದ ಒಬ್ಬ ಮಹಿಳೆ ತನ್ನ ಕೊಡೆಯನ್ನು ಕೇಳಿಕೊಂಡು ಬರುತ್ತಾಳೆ. ಕಪ್ಪು ಕೊಡೆಗಳು ಹತ್ತಾರು ಇವೆ, ಗುರುತು ಹೇಳಿ ಎಂದು ಗುಮಾಸ್ತೆ ಕೇಳುತ್ತಾಳೆ. ಹಿಡಿಯ ಹತ್ತಿರದ ಒಂದು ಕಡ್ಡಿ ಮುರಿದಿದೆ, ಅದನ್ನು ತನ್ನ ಗಂಡ ತಾಮ್ರದ ತಂತಿಯಿಂದ ಬಿಗಿದಿದ್ದರು ಎಂದು ಆಕೆ ಹೇಳುತ್ತಾಳೆ. ಗುಮಾಸ್ತೆ ಒಂದೊಂದೇ ಕೊಡೆಯನ್ನು ಬಿಚ್ಚಿ ನೋಡುತ್ತಾಳೆ, ತಂತಿ ಸಿಗುತ್ತದೆ. ಮಹಿಳೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಡುತ್ತಾಳೆ. ಪುಟ ಮುಚ್ಚಲು ಹೋದ ಗುಮಾಸ್ತೆ ಆ ಅಕ್ಷರಗಳನ್ನು ನೋಡಿ ನಿಲ್ಲುತ್ತಾಳೆ, ಸ್ಟೂಲು ಹತ್ತಿ ಮೇಲಿನ ಕಪಾಟಿನ ಚೀಲವನ್ನು ತಿರುಗಿಸುತ್ತಾಳೆ. ಅದರ ಚೀಟಿಯ ಮೇಲಿರುವುದು ಅದೇ ಕೈಬರಹ. ಹೊರಗೆ ಓಡಿ ಬಂದಾಗ ರೈಲು ಹೊರಟಿರುವ ಸದ್ದು. ಕೊಡೆಯ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದೆ, ಚೀಲದ ಪ್ರಶ್ನೆ ಮೊದಲಿಗಿಂತ ದೊಡ್ಡದಾಗಿದೆ. ಇಲ್ಲಿ ಹೊಸದಾಗಿ ಯಾರೂ ಬರಲಿಲ್ಲ, ಅಪಘಾತವೂ ಆಗಲಿಲ್ಲ. ಸಹಿ ಹಾಕಬೇಕೆಂಬ ಕಚೇರಿಯ ನಿಯಮವೇ ತಿರುವನ್ನು ಕೊಟ್ಟಿತು.

ಆರಂಭವೂ ಅಷ್ಟೇ ಮುಖ್ಯ. ಚಿತ್ರಮಂದಿರದ ಪ್ರೇಕ್ಷಕರು ಟಿಕೆಟ್ ಕೊಂಡು ಕುಳಿತಿರುತ್ತಾರೆ, ವೆಬ್ ಸರಣಿಯ ವೀಕ್ಷಕರ ಹೆಬ್ಬೆರಳು ಪರದೆಯ ಮೇಲೆಯೇ ಇರುತ್ತದೆ. ಆದ್ದರಿಂದ ಮೊದಲ ಅರ್ಧ ನಿಮಿಷದೊಳಗೆ ಯಾರೋ ಏನನ್ನೋ ಬಯಸುತ್ತಿರುವುದು ಕಾಣಬೇಕು. ಸೂರ್ಯೋದಯ, ಅಲಾರಂ, ಹಲ್ಲುಜ್ಜುವ ದೃಶ್ಯಗಳಿಂದ ಆರಂಭಿಸಬೇಡಿ.

ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷ್ ಚಿತ್ರಕಥೆಯ ನಿಗದಿತ ಅಚ್ಚು ಮತ್ತು ವಿನ್ಯಾಸಕ್ಕೆ ಹೊಂದಿಕೊಂಡದ್ದು. ಕನ್ನಡದಲ್ಲಿ ಬರೆಯುವವರು ಅದನ್ನು ಅಂದಾಜಿಗೆ ಮಾತ್ರ ಬಳಸಿ, ದೃಶ್ಯವನ್ನು ಗಟ್ಟಿಯಾಗಿ ಓದಿ ಗಡಿಯಾರ ಹಿಡಿದು ಅಳೆಯುವುದು ಒಳ್ಳೆಯದು. ಆರೂ ಕಂತುಗಳ ಕರಡು ಮುಗಿದ ಮೇಲೆ ನಟರನ್ನು ಕೂರಿಸಿಕೊಂಡು ಒಂದೇ ಸಲಕ್ಕೆ ಎಲ್ಲವನ್ನೂ ಓದಿಸಿ. ನಾಲಿಗೆ ತೊಡರುವ ಮಾತುಗಳು, ಎರಡು ಬಾರಿ ಹೇಳಿದ ವಿಷಯಗಳು, ಮಧ್ಯದಲ್ಲಿ ಸೊರಗುವ ಕಂತು ಅಲ್ಲಿಯೇ ಗೊತ್ತಾಗುತ್ತವೆ.

4. ಒಪ್ಪಂದಗಳು ಮತ್ತು ಹಕ್ಕುಗಳು

ಗೆಳೆಯರೇ ಸೇರಿ ಮಾಡುವಾಗ ಕಾಗದಪತ್ರ ಏಕೆ ಎಂದು ಅನ್ನಿಸುವುದು ಸಹಜ. ಸರಣಿ ಯಶಸ್ವಿಯಾದ ದಿನವೇ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ, ಆಗ ತಡವಾಗಿರುತ್ತದೆ. ಕಥೆ ಮತ್ತು ಚಿತ್ರಕಥೆಯ ಹಕ್ಕು ಯಾರದು, ಸಹಲೇಖಕರ ಪಾಲೆಷ್ಟು, ನಟರು ತಮ್ಮ ಅಭಿನಯವನ್ನು ಎಲ್ಲೆಲ್ಲಿ ಬಳಸಲು ಒಪ್ಪಿದ್ದಾರೆ, ಸಂಭಾವನೆ ಇಲ್ಲದಿದ್ದರೆ ಮುಂದೆ ಆದಾಯ ಬಂದಾಗ ಏನು ಎಂಬುದೆಲ್ಲ ಚಿತ್ರೀಕರಣಕ್ಕೆ ಮುನ್ನ ಲಿಖಿತವಾಗಿರಬೇಕು. ಚಿತ್ರೀಕರಣದ ಜಾಗದ ಮಾಲೀಕರಿಂದಲೂ ದಿನಾಂಕ ಸಹಿತ ಅನುಮತಿ ಪತ್ರ ಪಡೆಯಿರಿ. ಯಾವುದಾದರೂ ಓಟಿಟಿ ವೇದಿಕೆ ಸರಣಿಯನ್ನು ಕೊಳ್ಳಲು ಮುಂದೆ ಬಂದರೆ, ಹಕ್ಕುಗಳ ಈ ದಾಖಲೆಗಳನ್ನು ಮೊದಲೇ ಕೇಳುತ್ತದೆ.

ಸಂಗೀತದಲ್ಲಿ ಎರಡು ಬೇರೆ ಹಕ್ಕುಗಳಿರುವುದನ್ನು ಹಲವರು ಗಮನಿಸುವುದಿಲ್ಲ. ಹಾಡಿನ ರಚನೆ ಮತ್ತು ಸಾಹಿತ್ಯದ ಹಕ್ಕು ಒಂದು, ಅದರ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಪಾತ್ರವೊಂದು ಜನಪ್ರಿಯ ಹಾಡನ್ನು ಗುನುಗಿದರೂ ಮೊದಲನೆಯ ಹಕ್ಕಿನ ಪ್ರಶ್ನೆ ಏಳಬಹುದು. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಇಂತಹ ಬಳಕೆಯನ್ನು ಸ್ವಯಂಚಾಲಿತವಾಗಿ ಪತ್ತೆಹಚ್ಚುತ್ತದೆ, ಮತ್ತು ಆ ವಿಡಿಯೋದ ಜಾಹೀರಾತು ಆದಾಯ ಹಕ್ಕುದಾರರಿಗೆ ಹೋಗುವ ಸಾಧ್ಯತೆಯಿದೆ. ಹೊಸ ಸಂಗೀತ ಮಾಡಿಸುವುದು, ಇಲ್ಲವೇ ವಾಣಿಜ್ಯ ಬಳಕೆಗೆ ಅವಕಾಶವಿರುವ ಪರವಾನಗಿಯ ಸಂಗೀತವನ್ನು ಷರತ್ತು ಓದಿ ಬಳಸುವುದು ಸುರಕ್ಷಿತ.

5. ಬಜೆಟ್ ಮತ್ತು ಶೆಡ್ಯೂಲ್

ಆರು ಕಂತುಗಳನ್ನು ಆರು ಚಿತ್ರಗಳೆಂದು ಭಾವಿಸದೆ, ಒಂದು ಗಂಟೆಯ ಒಂದೇ ಚಿತ್ರವೆಂದು ತಿಳಿದು ಶೆಡ್ಯೂಲ್ ಹಾಕಿ. ಪ್ರತಿ ದೃಶ್ಯಕ್ಕೂ ಕಂತಿನ ಸಂಖ್ಯೆ ಸೇರಿದ ಕ್ರಮಾಂಕ ಕೊಡಿ; ಮೂರನೆಯ ಕಂತಿನ ನಾಲ್ಕನೆಯ ದೃಶ್ಯ 304 ಎಂದಿದ್ದರೆ ಗೊಂದಲವಿರುವುದಿಲ್ಲ. ಒಂದೊಂದು ದೃಶ್ಯಕ್ಕೂ ಬೇಕಾದ ಜಾಗ, ನಟರು, ವೇಷಭೂಷಣ, ವಸ್ತುಗಳು, ಹಗಲೋ ರಾತ್ರಿಯೋ ಎಂಬುದನ್ನು ಗುರುತಿಸಿ, ಒಂದೇ ಜಾಗದ ದೃಶ್ಯಗಳನ್ನೆಲ್ಲ ಯಾವ ಕಂತಿನವಾದರೂ ಒಟ್ಟಿಗೆ ಚಿತ್ರೀಕರಿಸುವಂತೆ ಜೋಡಿಸಿ. ಸಣ್ಣ ತಂಡ ದಿನಕ್ಕೆ ನಾಲ್ಕೈದು ಪುಟ ಮುಗಿಸುತ್ತದೆಂದು ಹಿಡಿದರೆ, 60 ಪುಟಗಳಿಗೆ 12ರಿಂದ 15 ದಿನ ಬೇಕು. ದಿನದ ಮಧ್ಯೆ ಜಾಗ ಬದಲಿಸಿದರೆ ಸಾಮಾನು ಕಟ್ಟಿ, ಸಾಗಿಸಿ, ಮತ್ತೆ ಬೆಳಕು ಹೊಂದಿಸುವುದರಲ್ಲೇ ಗಂಟೆಗಳು ಹೋಗುತ್ತವೆ. ಕಥೆಯ ಅತ್ಯಂತ ಭಾವತೀವ್ರ ದೃಶ್ಯವನ್ನು ಮೊದಲ ದಿನಕ್ಕೆ ಇಡಬೇಡಿ. ನಟರಿಗೂ ತಾಂತ್ರಿಕ ತಂಡಕ್ಕೂ ಒಬ್ಬರಿಗೊಬ್ಬರು ಒಗ್ಗಲು ಸಮಯ ಬೇಕು.

ಕ್ರಮ ತಪ್ಪಿಸಿ ಚಿತ್ರೀಕರಿಸಿದಾಗ ಕಂಟಿನ್ಯುಟಿಯ, ಅಂದರೆ ದೃಶ್ಯದಿಂದ ದೃಶ್ಯಕ್ಕೆ ವಿವರಗಳು ಹೊಂದುವಂತೆ ನೋಡಿಕೊಳ್ಳುವ, ಜವಾಬ್ದಾರಿ ಒಬ್ಬರದ್ದೇ ಆಗಿರಬೇಕು, ಅವರಿಗೆ ಬೇರೆ ಕೆಲಸ ಹಚ್ಚಬಾರದು. ನಮ್ಮ ಕಚೇರಿಯಲ್ಲಿ ಗೋಡೆಯ ಕ್ಯಾಲೆಂಡರಿನ ದಿನಾಂಕ, ತೆರೆದಿರುವ ರಿಜಿಸ್ಟರಿನ ಪುಟ, ಕಪಾಟಿನಲ್ಲಿ ಉಳಿದಿರುವ ಕೊಡೆಗಳು, ಚೀಲ ತಿರುಗಿರುವ ದಿಕ್ಕು ಪ್ರತಿ ಕಂತಿಗೂ ಬದಲಾಗುತ್ತವೆ. ಪ್ರತಿ ದೃಶ್ಯದ ಆರಂಭ ಮತ್ತು ಅಂತ್ಯದಲ್ಲಿ ಫೋಟೋ ತೆಗೆದು ಕ್ರಮಾಂಕ ಹಾಕಿಡುವುದರಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ.

ಬಜೆಟಿನಲ್ಲಿ ಜನರ ಊಟ, ಪ್ರಯಾಣ, ಹಾರ್ಡ್‌ಡಿಸ್ಕ್ ಮತ್ತು ಚಿತ್ರೀಕರಣೋತ್ತರ ಕೆಲಸಗಳ ವೆಚ್ಚವನ್ನು ಮೊದಲೇ ತೆಗೆದಿರಿಸಿ. ಸಂಕಲನ, ಸೌಂಡ್ ಮಿಕ್ಸಿಂಗ್‌ಗೆ (ಮಾತು, ಸಂಗೀತ, ಸದ್ದುಗಳನ್ನು ಹದವಾಗಿ ಬೆರೆಸುವುದಕ್ಕೆ) ಇಟ್ಟ ಹಣವನ್ನು ಚಿತ್ರೀಕರಣದ ದಿನಗಳಲ್ಲಿ ಮುಟ್ಟಬಾರದು. ಒಟ್ಟು ಮೊತ್ತದ ಶೇ. 10ರಷ್ಟನ್ನು ಅನಿರೀಕ್ಷಿತ ಖರ್ಚಿಗೆ ಇಡುವುದು ನಿರ್ಮಾಣದಲ್ಲಿ ಸಾಮಾನ್ಯ ರೂಢಿ.

ಶೆಡ್ಯೂಲ್ ಸಿದ್ಧವಾದ ಮೇಲೆ, ಚಿತ್ರೀಕರಣಕ್ಕೆ ಮುನ್ನ, ಒಂದು ದೃಶ್ಯವನ್ನು ಪರೀಕ್ಷಾರ್ಥವಾಗಿ ತೆಗೆದು ಸಂಕಲನ, ಶಬ್ದ, ಬಣ್ಣ ಎಲ್ಲವನ್ನೂ ಪೂರ್ತಿಗೊಳಿಸಿ ಫೋನಿನಲ್ಲಿ ನೋಡಿ. ಇದು ಕ್ಯಾಮೆರಾ ತೆಗೆಯಬಾರದೆಂಬ ನನ್ನ ನಿಯಮಕ್ಕೆ ವಿರುದ್ಧವಲ್ಲ, ಏಕೆಂದರೆ ಬರವಣಿಗೆ ಆಗಲೇ ಮುಗಿದಿರುತ್ತದೆ.

6. ಚಿತ್ರೀಕರಣದ ದಿನಗಳಲ್ಲಿ

ಹಣ ಕಡಿಮೆಯಿದ್ದರೆ ಅದನ್ನು ಕ್ಯಾಮೆರಾಕ್ಕಿಂತ ಮೊದಲು ಶಬ್ದಕ್ಕೆ ಹಾಕಿ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಚ್ಚುತ್ತಾರೆ. ಬೂಮ್ ಮೈಕನ್ನು (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಫ್ರೇಮಿನ ಅಂಚಿಗೆ ಎಷ್ಟು ಹತ್ತಿರ ತರಲು ಸಾಧ್ಯವೋ ಅಷ್ಟು ಹತ್ತಿರ ಹಿಡಿಯಬೇಕು, ಜೊತೆಗೆ ಕಾಲರ್ ಮೈಕನ್ನೂ ಇಡಬಹುದು. ಫ್ಯಾನು, ಎಸಿ, ಫ್ರಿಜ್ ಆರಿಸಿ. 48 ಕಿಲೋಹರ್ಟ್ಸ್‌ನಲ್ಲಿ ಧ್ವನಿಮುದ್ರಿಸಿ, ಮಾತಿನ ಗರಿಷ್ಠ ಮಟ್ಟ ರೆಕಾರ್ಡರಿನ ಮೀಟರಿನಲ್ಲಿ ಸುಮಾರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಪ್ರತಿ ಜಾಗದಿಂದ ಹೊರಡುವ ಮುನ್ನ ಎಲ್ಲರೂ ಸುಮ್ಮನೆ ನಿಂತು ಅರ್ಧ ನಿಮಿಷ ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ಖಾಲಿ ಜಾಗ ತುಂಬಲು ಅದು ಬೇಕೇ ಬೇಕು.

ಫ್ರೇಮ್ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದನ್ನು, ಒಮ್ಮೆ ನಿರ್ಧರಿಸಿ ಕೊನೆಯವರೆಗೆ ಬದಲಿಸಬೇಡಿ. ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ 25 ಫ್ರೇಮ್ ಮತ್ತು 1/50 ಸೆಕೆಂಡಿನ ಶಟರ್ (ಪ್ರತಿ ಚಿತ್ರಕ್ಕೆ ಬೆಳಕು ಬೀಳುವ ಅವಧಿ) ಬಳಸಿದರೆ ದೀಪಗಳ ಮಿನುಗು ಕಾಣುವುದಿಲ್ಲ, 60 ಹರ್ಟ್ಸ್ ಇರುವಲ್ಲಿ 1/60 ಶಟರ್ ಸೂಕ್ತ. ಫೋನಿನಲ್ಲಿ ಚಿತ್ರೀಕರಿಸುವವರು ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು (ಬಣ್ಣದ ಹದ) ತಾವಾಗಿ ಬದಲಾಗದಂತೆ ಲಾಕ್ ಮಾಡಬೇಕು. 16:9 ಅಡ್ಡ ಚೌಕಟ್ಟೋ 9:16 ಉದ್ದ ಚೌಕಟ್ಟೋ ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಬಹಳಷ್ಟು ಜನ ಫೋನಿನಲ್ಲೇ ನೋಡುವುದರಿಂದ ಚೀಲದ ಚೀಟಿಯ ಮೇಲಿನ ಕೈಬರಹದಂತಹ ವಿವರಗಳಿಗೆ ಪ್ರತ್ಯೇಕ ಕ್ಲೋಸ್‌ಅಪ್ ಬೇಕು.

ದಿನದ ಕೊನೆಗೆ ಎಲ್ಲ ಫೈಲುಗಳ ಮೂರು ಪ್ರತಿಗಳಿರಬೇಕು, ಎರಡು ಬೇರೆ ಬಗೆಯ ಸಂಗ್ರಹದಲ್ಲಿ, ಒಂದು ಬೇರೆ ಜಾಗದಲ್ಲಿ. ಪ್ರತಿಗಳನ್ನು ತೆರೆದು ನೋಡುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಬಾರದು.

7. ಸಂಕಲನದಿಂದ ಬಿಡುಗಡೆಗೆ

ಮೊದಲ ಕಂತನ್ನು ಅಂತಿಮಗೊಳಿಸಿ ಎರಡನೆಯದಕ್ಕೆ ಹೋಗುವ ಬದಲು, ಆರೂ ಕಂತುಗಳ ಒರಟು ಜೋಡಣೆಯನ್ನು ಮೊದಲು ಮುಗಿಸಿ. ಐದನೆಯ ಕಂತಿನಲ್ಲಿ ಹೇಳಬೇಕಾದ ಸಂಗತಿ ಎರಡನೆಯದರಲ್ಲೇ ಬಯಲಾಗಿರುವುದು, ಒಂದು ಕಂತಿನ ದೃಶ್ಯ ಇನ್ನೊಂದರಲ್ಲಿ ಚೆನ್ನಾಗಿ ಕೂರುವುದು ಆಗಲೇ ಕಾಣುತ್ತದೆ. ದೃಶ್ಯಗಳ ಉದ್ದ ಸಂಪೂರ್ಣ ಖಚಿತವಾದ ಮೇಲೆಯೇ ಹಿನ್ನೆಲೆ ಸಂಗೀತ, ಸೌಂಡ್ ಮಿಕ್ಸಿಂಗ್ ಮತ್ತು ಕಲರ್ ಗ್ರೇಡಿಂಗ್ (ಬಣ್ಣದ ಹೊಂದಾಣಿಕೆ) ಆರಂಭಿಸಿ. ಯೂಟ್ಯೂಬ್ ತೀರಾ ಜೋರಾದ ಶಬ್ದವನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಇಳಿಸುವುದರಿಂದ ಮಿಶ್ರಣವನ್ನು ಅದರ ಹತ್ತಿರ ಇಡುವುದು ಸೂಕ್ತ. ಶೀರ್ಷಿಕೆಯ ಭಾಗ ಹತ್ತು ಸೆಕೆಂಡು ಮೀರದಿರಲಿ. ಸಬ್‌ಟೈಟಲನ್ನು ಯಂತ್ರಕ್ಕೆ ಬಿಡದೆ ಕೈಯಿಂದ ತಿದ್ದಿ.

ಕಥೆ ಗೊತ್ತಿಲ್ಲದ ನಾಲ್ಕೈದು ಮಂದಿಗೆ ತೋರಿಸುವಾಗ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ಎಲ್ಲಿ ಗಮನ ಬೇರೆಡೆ ಹೋಯಿತು, ಯಾರ ಮಾತು ಅರ್ಥವಾಗಲಿಲ್ಲ, ಮುಂದೆ ಏನಾಗುತ್ತದೆಂದು ಅಂದುಕೊಂಡಿರಿ ಎಂದು ಕೇಳಿ.

ಓಟಿಟಿ ವೇದಿಕೆಗೆ ಅಥವಾ ಚಿತ್ರೋತ್ಸವಕ್ಕೆ ಕಳುಹಿಸುವ ಯೋಚನೆಯಿದ್ದರೆ, ಸಾರ್ವಜನಿಕವಾಗಿ ಹಾಕುವ ಮೊದಲೇ ಅವುಗಳ ನಿಯಮ ಓದಿ, ಏಕೆಂದರೆ ಈಗಾಗಲೇ ಬಿಡುಗಡೆಯಾದ ಕೃತಿಯನ್ನು ಕೆಲವು ಸ್ವೀಕರಿಸುವುದಿಲ್ಲ. ಸ್ವತಂತ್ರವಾಗಿ ಬಿಡುಗಡೆ ಮಾಡುವವರು ಎಲ್ಲ ಕಂತುಗಳೂ ಸಿದ್ಧವಾದ ಮೇಲೆಯೇ ದಿನಾಂಕ ಘೋಷಿಸಬೇಕು. ವಾರಕ್ಕೊಂದು ಕಂತು ಹಾಕುವುದು ಸಣ್ಣ ತಂಡಕ್ಕೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಜನರ ನಡುವೆ ಮಾತು ಹಬ್ಬಲು ಆರು ವಾರ ಸಿಗುತ್ತದೆ. ಮೊದಲ ದಿನ ಎರಡು ಕಂತುಗಳನ್ನು ಒಟ್ಟಿಗೆ ಹಾಕಿದರೆ ಒಂದು ವಾರ ಕಡಿಮೆಯಾಗುತ್ತದೆ, ಆದರೆ ಸರಣಿಯ ಸ್ವಭಾವ ವೀಕ್ಷಕರಿಗೆ ಬೇಗ ತಿಳಿಯುತ್ತದೆ. ಥಂಬ್‌ನೇಲನ್ನು (ವಿಡಿಯೋ ಒತ್ತುವ ಮೊದಲು ಕಾಣುವ ಚಿತ್ರ) 1280×720 ಪಿಕ್ಸೆಲ್ ಅಳತೆಯಲ್ಲಿ, ಫೋನಿನಲ್ಲೂ ಮುಖ ಸ್ಪಷ್ಟವಾಗಿ ಕಾಣುವಂತೆ ಮಾಡಿ, ಕಂತಿನ ಸಂಖ್ಯೆಯನ್ನು ಶೀರ್ಷಿಕೆಯಲ್ಲಿ ಹಾಕಿ, ಎಲ್ಲವನ್ನೂ ಒಂದೇ ಪ್ಲೇಲಿಸ್ಟಿನಲ್ಲಿ ಕ್ರಮವಾಗಿಡಿ. ಮುಂದಿನ ಕಂತಿನ ಕೊಂಡಿ ತೋರಿಸುವ ಯೂಟ್ಯೂಬಿನ ಎಂಡ್ ಸ್ಕ್ರೀನನ್ನು ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ಮಾತ್ರ ಹಾಕಲು ಸಾಧ್ಯವಾದ್ದರಿಂದ, ಅಷ್ಟು ಜಾಗವನ್ನು ಸಂಕಲನದಲ್ಲೇ ಬಿಟ್ಟಿರಬೇಕು.

ಬಿಡುಗಡೆಯಾದ ಮೇಲೆ ಒಟ್ಟು ವೀಕ್ಷಣೆಗಿಂತ ಎರಡು ಅಂಕಿಗಳನ್ನು ಗಮನಿಸಿ. ಮೊದಲನೆಯದು ಪ್ರತಿ ಕಂತಿನಲ್ಲಿ ಜನ ಯಾವ ಕ್ಷಣದಲ್ಲಿ ಬಿಟ್ಟುಹೋಗುತ್ತಾರೆ ಎಂಬುದರ ರೇಖೆ. ಎರಡನೆಯದು ಮೊದಲ ಕಂತನ್ನು ನೋಡಿದವರ ಸಂಖ್ಯೆಗೆ ಹೋಲಿಸಿದರೆ ಎರಡನೆಯದನ್ನು ನೋಡಿದವರೆಷ್ಟು ಎಂಬುದು. ರೇಖೆ ಮೊದಲ ನಿಮಿಷದಲ್ಲೇ ಕುಸಿದಿದ್ದರೆ ತೊಂದರೆ ಆರಂಭದ ದೃಶ್ಯದಲ್ಲಿದೆ. ಕೊನೆಯವರೆಗೂ ನೋಡಿದವರು ಎರಡನೆಯ ಕಂತಿಗೆ ಬಾರದಿದ್ದರೆ ಅಂತ್ಯದ ಪ್ರಶ್ನೆ ಸಾಕಷ್ಟು ಗಟ್ಟಿಯಾಗಿಲ್ಲ. ಎರಡನೆಯ ಸೀಸನ್ನಿನ ಬರವಣಿಗೆಗೆ ಕೂರುವಾಗ ಈ ಟಿಪ್ಪಣಿಗಳನ್ನು ಮುಂದಿಟ್ಟುಕೊಳ್ಳಿ. ಅಷ್ಟರೊಳಗೆ ಪ್ರಾಜೆಕ್ಟ್ ಫೈಲುಗಳನ್ನು, ಪರದೆಯ ಮೇಲೆ ಅಕ್ಷರಗಳಿಲ್ಲದ ಚಿತ್ರದ ಪ್ರತಿಯನ್ನು, ಮತ್ತು ಸಂಭಾಷಣೆ, ಸಂಗೀತ, ಇತರ ಶಬ್ದಗಳ ಪ್ರತ್ಯೇಕ ಟ್ರ್ಯಾಕುಗಳನ್ನು ಮೂರು ಪ್ರತಿಗಳಲ್ಲಿ ಭದ್ರಪಡಿಸಿಡಿ. ಸರಣಿಯನ್ನು ಇನ್ನೊಂದು ಭಾಷೆಗೆ ಡಬ್ ಮಾಡಲು ಯಾರಾದರೂ ಕೇಳಿದರೆ ಅವರಿಗೆ ಕೊಡಬೇಕಾದುದು ಇವೇ.